1880ರ ದಶಕದ ಕಾರ್ಸೆಟ್ ಮನೆಯಲ್ಲೇ ಹೊಲಿಯುವುದು ಹೇಗೆ: ಶೆಮೀಸ್‌ನಿಂದ ಲಾಡಿಯವರೆಗೆ

ಹಳೇ ಕಾಲದ ಯುರೋಪಿಯನ್ ಗೌನ್ ಹೊಲಿಯುವ ಆಸೆ ಹುಟ್ಟಿದವರು ಸಾಮಾನ್ಯವಾಗಿ ಮೊದಲು ಗೌನಿಗೇ ಕೈ ಹಾಕುತ್ತಾರೆ. ರೇಷ್ಮೆ ತರುತ್ತಾರೆ, ಲೇಸ್ ತರುತ್ತಾರೆ, ವಾರಗಟ್ಟಲೆ ಕೂತು ಹೊಲಿಯುತ್ತಾರೆ. ಹಾಕಿಕೊಂಡು ನೋಡಿದರೆ ಹಳೇ ಫೋಟೋದಲ್ಲಿದ್ದ ಹಾಗೆ ಕಾಣುವುದೇ ಇಲ್ಲ. ಎದೆಯ ಕೆಳಗೆ ಸುಕ್ಕು, ನಡುವಿನಲ್ಲಿ ಎಳೆತ, ಬೆನ್ನಲ್ಲಿ ಜೋತುಬಿದ್ದ ಬಟ್ಟೆ. ಹೊಲಿಗೆಯಲ್ಲಿ ತಪ್ಪೇನೂ ಇರುವುದಿಲ್ಲ. ಆ ಗೌನಿನ ಕಟಿಂಗೇ ಕಾರ್ಸೆಟ್ (ಎದೆಯಿಂದ ಹಿಪ್‌ವರೆಗೆ ಹಿಡಿಯುವ, ಕಡ್ಡಿ ಹಾಕಿ ಹಿಂದೆ ಲಾಡಿ ಕಟ್ಟುವ ಒಳ ಉಡುಪು) ತೊಟ್ಟ ಮೈಗೆ ಮಾಡಿದ್ದು. ಒಳಗೆ ಅದಿಲ್ಲದಿದ್ದರೆ ಮೇಲಿನ ಬಟ್ಟೆಗೆ ನಿಲ್ಲಲು ಆಧಾರವೇ ಇಲ್ಲ.

ಕಾರ್ಸೆಟ್ ಅಂದ ತಕ್ಷಣ ಉಸಿರು ಕಟ್ಟುವ ಬಿಗಿತವೇ ಕಣ್ಣಿಗೆ ಬರುತ್ತದೆ, ಅಲ್ವಾ? ಅಷ್ಟು ಬಿಗಿಯುವ ಅಗತ್ಯವೇ ಇಲ್ಲ. ಒಳ್ಳೆಯ ಕಾರ್ಸೆಟ್ ತನ್ನ ಆಕಾರವನ್ನು ಕಟಿಂಗ್‌ನಿಂದ ಪಡೆಯುತ್ತದೆ, ಲಾಡಿ ಎಳೆಯುವುದರಿಂದ ಅಲ್ಲ. ಮ್ಯೂಸಿಯಂಗಳಲ್ಲಿರುವ ಕಾರ್ಸೆಟ್‌ಗಳ ನಡುವಿನ ಅಳತೆ ನೋಡಿ ಅಂದಿನ ಹೆಂಗಸರ ನಡು ಅಷ್ಟೇ ಇತ್ತು ಅಂದುಕೊಳ್ಳುವುದೂ ಸರಿಯಲ್ಲ. ಹಿಂದೆ ಲಾಡಿ ಕಟ್ಟುವ ಕಡೆ ಎರಡು ಮೂರು ಇಂಚು ಜಾಗ ಬಿಟ್ಟೇ ತೊಡುತ್ತಿದ್ದವರು ಬಹಳ ಮಂದಿ. ಮೇಲುಗಡೆ, ಕೆಳಗಡೆ ಹತ್ತಿಯ ಪ್ಯಾಡ್ ಇಟ್ಟು ತುಂಬಿಸಿದರೆ ನಡು ತಾನಾಗೇ ಸಣ್ಣಗೆ ಕಾಣುತ್ತದೆ. ಆಗಿನವರೂ ಇದನ್ನೇ ಮಾಡುತ್ತಿದ್ದರು.

ಹೊಸಬರಿಗೆ ನಾನು 1880ರ ದಶಕದ ಇಂಗ್ಲಿಷ್ ಮಾದರಿಯನ್ನೇ ಹೇಳುತ್ತೇನೆ. 18ನೇ ಶತಮಾನದ ಸ್ಟೇಸ್ (ಆಗಿನ ಕಾರ್ಸೆಟ್) ಹೊಲಿಯಬೇಕಾದರೆ ಲಾಡಿಯ ತೂತುಗಳನ್ನೆಲ್ಲ ಕಾಜದ ಹಾಗೆ ಕೈಯಲ್ಲೇ ಹೊಲಿಯಬೇಕು, ಆಕಾರ ಹಿಡಿದಿಡಲು ಒಳಗೆ ತೂರಿಸುವ ಕಡ್ಡಿಗಳ ಸಾಲಂತೂ ಲೆಕ್ಕವಿಲ್ಲದಷ್ಟು. ಲಾಡಿಯ ತೂತಿಗೆ ಹೊಡೆಯುವ ಲೋಹದ ಉಂಗುರ, ಅಂದರೆ ಐಲೆಟ್‌ಗೆ ಫ್ರಾನ್ಸಿನಲ್ಲಿ ಪೇಟೆಂಟ್ ಸಿಕ್ಕಿದ್ದು 1828ರಲ್ಲಿ. ಮುಂದುಗಡೆ ಎರಡು ಭಾಗವಾಗಿ ಬಿಚ್ಚುವ ಉಕ್ಕಿನ ಪಟ್ಟಿ, ಅಂದರೆ ಬಸ್ಕ್‌ಗೆ ಜೋಸೆಲಿನ್ ಎಂಬವರು ಪೇಟೆಂಟ್ ಪಡೆದದ್ದು 1829ರಲ್ಲಿ. ಶತಮಾನದ ಮಧ್ಯದ ಹೊತ್ತಿಗೆ ಹೊಲಿಗೆ ಮಿಷನ್ನೂ ಬಂತು. ಹಾಗಾಗಿ 1880ರ ಹೊತ್ತಿನ ಕಾರ್ಸೆಟ್ಟನ್ನು ಮಿಷನ್ನಿನಲ್ಲಿ ಹೊಲಿದರೆ ಅದು ಆ ಕಾಲಕ್ಕೆ ನಿಷ್ಠವಾದ ಕೆಲಸವೇ.

ಮೊದಲು ಶೆಮೀಸ್

ಕಾರ್ಸೆಟ್ಟನ್ನು ಬರೀ ಮೈಮೇಲೆ ತೊಡುವುದಿಲ್ಲ. ಅದನ್ನು ಪದೇ ಪದೇ ಒಗೆಯಲಾಗುವುದಿಲ್ಲವಲ್ಲ, ಅದಕ್ಕೇ ಒಳಗೆ ಹತ್ತಿಯ ಶೆಮೀಸ್. ಬೆವರು ಹೀರುವುದು ಅದು, ದಿನಾ ಒಗೆಯುವುದೂ ಅದನ್ನೇ. ಮಂಡಿವರೆಗೆ ಬರುವ, ತೋಳು ಗಿಡ್ಡ ಇರುವ, ಸಡಿಲವಾದ ಅಂಗಿ ಅಷ್ಟೇ.

ತೆಳು ಮಲ್ ಬಟ್ಟೆ ಎರಡೂವರೆ ಮೀಟರ್ ಇದ್ದರೆ ಹೆಚ್ಚಿನವರಿಗೆ ಸಾಕು. ಎದೆಯ ಸುತ್ತಳತೆಗೆ 8ರಿಂದ 10 ಇಂಚು ಸೇರಿಸಿ, ಮುಂದೊಂದು ಹಿಂದೊಂದು ಪೀಸು ಕತ್ತರಿಸಿ. ಕುತ್ತಿಗೆಯನ್ನು ಅಗಲವಾಗಿ ಇಳಿಸಿ, ಸಣ್ಣ ನೆರಿಗೆ ಹಿಡಿದು ಒಂದು ಪಟ್ಟಿಗೆ ಕೂರಿಸಿ. ಕಂಕುಳಲ್ಲಿ 4 ಇಂಚಿನ ಚೌಕ ಬಟ್ಟೆ ಮೂಲೆಯಾಗಿ ಕೂರಿಸಿದರೆ ತೋಳು ಎತ್ತುವಾಗ ಎಳೆಯುವುದಿಲ್ಲ. ಒಳಗಿನ ಹೊಲಿಗೆಗಳನ್ನೆಲ್ಲ ಫ್ರೆಂಚ್ ಸೀಮ್ (ಅಂಚು ಒಳಗೇ ಸೇರುವ ಹಾಗೆ ಎರಡು ಸಲ ಹೊಲಿಯುವುದು) ಮಾಡಿ ಮುಚ್ಚಿಬಿಡಿ. ಬಿಟ್ಟ ಅಂಚು ಕಾರ್ಸೆಟ್ಟಿನ ಒತ್ತಡಕ್ಕೆ ಚರ್ಮಕ್ಕೆ ಒತ್ತಿ ಗೆರೆ ಬೀಳುತ್ತದೆ, ಸಂಜೆ ಹೊತ್ತಿಗೆ ಉರಿಯುತ್ತದೆ.

ಡ್ರಾಯರ್ಸ್ ಇನ್ನೂ ಸುಲಭ. ಮಂಡಿ ಕೆಳಗಿನವರೆಗಿನ ಎರಡು ಕಾಲು, ಒಂದು ನಡುಪಟ್ಟಿ. ಎರಡು ಕಾಲುಗಳನ್ನು ಮಧ್ಯೆ ಸೇರಿಸದೆ ತೆರೆದೇ ಬಿಡುತ್ತಿದ್ದರು. ಕಾರ್ಸೆಟ್ಟಿನ ಕೆಳಗೆ ನಡುಪಟ್ಟಿ ಸಿಕ್ಕಿಹಾಕಿಕೊಂಡಿರುವಾಗ ಶೌಚಕ್ಕೆ ಹೋಗಲು ಅದೇ ದಾರಿ. ಕಾಸ್ಟ್ಯೂಮ್‌ಗೆ ಹೊಲಿಯುವಾಗಲೂ ಹಾಗೇ ತೆರೆದಿಡಿ, ಇಡೀ ದಿನ ತೊಟ್ಟಾಗ ಅದರ ಉಪಕಾರ ಗೊತ್ತಾಗುತ್ತದೆ.

ಬಟ್ಟೆ ಮತ್ತು ಸಾಮಾನು

ಕಾರ್ಸೆಟ್‌ಗೆಂದೇ ನೇಯುವ ಬಟ್ಟೆ ಕೂಟಿಲ್. ದಟ್ಟವಾದ ಹತ್ತಿ, ಮೀನಿನ ಮುಳ್ಳಿನಂಥ ನೇಯ್ಗೆ, ಎಳೆದರೆ ಜಗ್ಗುವುದೇ ಇಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಬದಲಿಗೆ ಗಟ್ಟಿ ಹತ್ತಿಯ ಡ್ರಿಲ್ ಬಟ್ಟೆ ತನ್ನಿ. ಚಿಕ್ಕಪೇಟೆಯಂಥ ಕಡೆ ಪ್ಯಾಂಟಿನ ಬಟ್ಟೆ ಮಾರುವವರಲ್ಲಿ ಕೇಳಿದರೆ ಸಿಗುತ್ತದೆ. ಡೆನಿಮ್ ಕೂಡ ಆಗುತ್ತದೆ, ಆದರೆ ಸ್ಟ್ರೆಚ್ ಡೆನಿಮ್ ಖಂಡಿತ ಬೇಡ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಬಟ್ಟೆಯ ಒಂದು ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೆ, ಅಡ್ಡಕ್ಕೆ ಬಲವಾಗಿ ಎಳೆಯಿರಿ. ಸ್ವಲ್ಪವಾದರೂ ರಬ್ಬರಿನ ಹಾಗೆ ಜಗ್ಗಿ ವಾಪಸ್ ಬಂದರೆ ಅದನ್ನು ಅಲ್ಲೇ ಬಿಡಿ. ತಂದ ಬಟ್ಟೆಯನ್ನು ಕತ್ತರಿಸುವ ಮೊದಲು ಬಿಸಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ.

ಬಟ್ಟೆ ಒಂದೇ ಪದರ ಸಾಕು ಅನ್ನುವುದು ನನ್ನ ಅಭಿಪ್ರಾಯ. ಎರಡು ಮೂರು ಪದರ ಹಾಕಿ, ಮೇಲೆ ಸ್ಯಾಟಿನ್ ಹೊದಿಸುವವರಿದ್ದಾರೆ. ನೋಡಲು ಚೆಂದ, ಆದರೆ ನಮ್ಮ ಸೆಕೆಗೆ ಅದು ಶಿಕ್ಷೆ. ಅಂದಿನ ಇಂಗ್ಲೆಂಡಿನಲ್ಲೇ ಒಂದೇ ಪದರದ ಕಾರ್ಸೆಟ್ ಬೇಕಾದಷ್ಟಿತ್ತು. ಬೇಸಿಗೆಗೆಂದು ಜಾಲರಿ ಬಟ್ಟೆಯ ಕಾರ್ಸೆಟ್ ಕೂಡ ಮಾರುತ್ತಿದ್ದರು.

ಮುಂದಿನದು ಕಡ್ಡಿಗಳು. ಹಿಂದೆ ಇದಕ್ಕೆ ತಿಮಿಂಗಿಲದ ಬಾಯಿಯೊಳಗಿನ ಜರಡಿಯಂಥ ಪಟ್ಟಿಗಳನ್ನು ಸೀಳಿ ಬಳಸುತ್ತಿದ್ದರು. ಈಗ ಅದೇ ಗುಣದ ಪ್ಲಾಸ್ಟಿಕ್ ಕಡ್ಡಿ ಜರ್ಮನಿಯಲ್ಲಿ ತಯಾರಾಗುತ್ತದೆ. ಕತ್ತರಿಯಲ್ಲೇ ಕತ್ತರಿಸಬಹುದು, ಮೈಯ ಬಿಸಿಗೆ ಮೆಲ್ಲಗೆ ಬಾಗುತ್ತದೆ. ಅದನ್ನು ತರಿಸುವುದು ಆಗದಿದ್ದರೆ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಅಗಲವಾದ, ದಪ್ಪ ಕೇಬಲ್ ಟೈ ತನ್ನಿ. ತಲೆ ಕತ್ತರಿಸಿ, ಎರಡೂ ತುದಿ ಗುಂಡಗೆ ಮಾಡಿ, ಅರದಿಂದ ಉಜ್ಜಿ ನುಣುಪು ಮಾಡಿದರೆ ಮೊದಲ ಕಾರ್ಸೆಟ್ಟಿಗೆ ಧಾರಾಳ ಸಾಕು. ಉಕ್ಕಿನ ಸ್ಪೈರಲ್ ಕಡ್ಡಿ ಎಲ್ಲ ಕಡೆಗೂ ಬಾಗುವುದರಿಂದ ಬಳುಕುವ ಹೊಲಿಗೆಗಳಿಗೆ ಒಳ್ಳೆಯದು, ಚಪ್ಪಟೆ ಉಕ್ಕು ಬೆನ್ನಿನ ನೇರ ಅಂಚಿಗೆ. ಉಕ್ಕು ಕತ್ತರಿಸುವಾಗ ಕನ್ನಡಕ ಹಾಕಿಕೊಳ್ಳಿ, ತುಂಡು ಹಾರುತ್ತದೆ.

ಇವಲ್ಲದೆ ಒಂದು ಬಸ್ಕ್ (ಸುಮಾರು 12 ಇಂಚು), 5 ಮಿಲಿಮೀಟರ್ ಐಲೆಟ್‌ಗಳು ವಾಷರ್ ಸಮೇತ, ಮುಕ್ಕಾಲು ಇಂಚಿನ ಹತ್ತಿ ಟೇಪು ಜಾಸ್ತಿಯೇ, ಗಟ್ಟಿ ಪಾಲಿಯೆಸ್ಟರ್ ದಾರ, 6 ಮೀಟರ್ ಲಾಡಿ ಬೇಕು. ಬಸ್ಕ್ ಮಾತ್ರ ಆನ್‌ಲೈನ್‌ನಲ್ಲೇ ತರಿಸಬೇಕಾಗುತ್ತದೆ. ಅದಕ್ಕೆ ಬದಲಿ ಹುಡುಕಬೇಡಿ. ಹುಕ್ಕು, ಜಿಪ್ ಇವು ಯಾವುವೂ ಆ ಎಳೆತ ತಡೆಯುವುದಿಲ್ಲ.

ಅಳತೆ ಮತ್ತು ಲೆಕ್ಕ

ಪ್ರಿನ್ಸೆಸ್ ಕಟ್ ಬ್ಲೌಸ್ ಹೊಲಿಯಲು ಬರುವವರಿಗೆ ಅರ್ಧ ಕೆಲಸ ಬಂದ ಹಾಗೆ. ಇಲ್ಲೂ ಡಾರ್ಟ್ ಇಲ್ಲ, ಆಕಾರವೆಲ್ಲ ಉದ್ದ ಹೊಲಿಗೆಗಳಲ್ಲೇ ಕೂರುತ್ತದೆ.

ಶೆಮೀಸ್ ತೊಟ್ಟುಕೊಂಡೇ ಅಳತೆ ತೆಗೆಯಿರಿ. ನಡುವಿಗೆ ಒಂದು ದಾರ ಕಟ್ಟಿ ಪಕ್ಕಕ್ಕೆ ಒಮ್ಮೆ ಬಾಗಿ. ದಾರ ಎಲ್ಲಿ ಹೋಗಿ ಕೂರುತ್ತದೋ ಅದೇ ನಿಮ್ಮ ನಡು. ಎದೆ, ಎದೆಯ ಕೆಳಗೆ, ನಡು, ಹಿಪ್, ಈ ನಾಲ್ಕು ಸುತ್ತಳತೆ. ನಡುವಿನಿಂದ ಮೇಲಕ್ಕೆ ಎದೆಯ ಮಧ್ಯದವರೆಗೆ, ನಡುವಿನಿಂದ ಕಂಕುಳಿನವರೆಗೆ, ಕುರ್ಚಿಯಲ್ಲಿ ಕೂತು ನಡುವಿನಿಂದ ತೊಡೆಯವರೆಗೆ, ಇವು ಉದ್ದದ ಅಳತೆ. ಕೂತು ತೆಗೆಯುವುದನ್ನು ಬಿಡಬೇಡಿ. ನಿಂತಾಗ ಸರಿಯಿರುವ ಕಾರ್ಸೆಟ್ ಕೂತಾಗ ತೊಡೆಗೆ ಗುದ್ದುತ್ತದೆ, ಇಡೀ ಬಸ್ಕ್ ಗಲ್ಲದ ಕಡೆಗೆ ಮೇಲೇಳುತ್ತದೆ.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಎದೆ 36, ನಡು 30, ಹಿಪ್ 38 ಇಂಚು. ಮೊದಲ ಕಾರ್ಸೆಟ್ಟಿಗೆ ನಡುವನ್ನು 2 ಇಂಚು ಮಾತ್ರ ಇಳಿಸಿ, ಅಂದರೆ 28. ಹಿಂದೆ 2 ಇಂಚು ಜಾಗ ಬಿಡಬೇಕು, ಆದ್ದರಿಂದ ಬಟ್ಟೆಯ ನಡು 26. ಎದೆಯನ್ನೂ ಹಿಪ್ಪನ್ನೂ ಒತ್ತುವುದಿಲ್ಲ, ಜಾಗದ 2 ಇಂಚು ಕಳೆದರೆ ಎದೆ 34, ಹಿಪ್ 36. ಪೇಪರ್ ಕಟಿಂಗ್ ಅರ್ಧ ಮೈಗೆ, ಹಾಗಾಗಿ 17, 13, 18.

ಅರ್ಧಕ್ಕೆ ಐದು ಪೀಸು ಇಟ್ಟುಕೊಳ್ಳಿ. ಪಕ್ಕಪಕ್ಕ ಐದು ಪಟ್ಟಿ ಬರೆದು, ಅಡ್ಡಕ್ಕೆ ನಡುಗೆರೆ ಎಳೆದು, ಅಲ್ಲಿ ಐದರ ಅಗಲ ಸೇರಿ 13 ಬರುವಂತೆ ಹಂಚಿ. ಮುಂದಿನ ಮಧ್ಯಗೆರೆ, ಹಿಂದಿನ ಮಧ್ಯಗೆರೆ ಎರಡೂ ನೇರ ಇರಬೇಕು, ಬಸ್ಕ್ ಮತ್ತು ಐಲೆಟ್ ಅಲ್ಲಿ ಬರುತ್ತವೆ. ಉಳಿದದ್ದು ನಾಲ್ಕು ಹೊಲಿಗೆ. ಎದೆಗೆ 4 ಇಂಚು ಹೆಚ್ಚು ಬೇಕು, ಹಿಪ್ಪಿಗೆ 5 ಇಂಚು. ಇದನ್ನು ನಾಲ್ಕಕ್ಕೂ ಸಮನಾಗಿ ಹಂಚಿದರೆ ಡಬ್ಬಿಯ ಹಾಗಾಗುತ್ತದೆ. ಮೈ ಎಲ್ಲಿ ಉಬ್ಬುತ್ತದೋ ಅಲ್ಲಿಗೆ ಜಾಸ್ತಿ ಕೊಡಿ. ಮುಂದಿನಿಂದ ಹಿಂದಕ್ಕೆ ಎದೆಯ ಕಡೆ ಒಂದೂವರೆ, ಒಂದೂಕಾಲು, ಮುಕ್ಕಾಲು, ಅರ್ಧ ಇಂಚು. ಹಿಪ್ ಕಡೆ ಮುಕ್ಕಾಲು, ಒಂದೂವರೆ, ಒಂದೂವರೆ, ಒಂದೂಕಾಲು. ಪ್ರತಿ ಹೊಲಿಗೆಯ ಪಾಲನ್ನು ಅದರ ಎರಡೂ ಬದಿಯ ಪೀಸಿಗೆ ಅರ್ಧರ್ಧ ಕೊಟ್ಟು, ನಡುಗೆರೆಯಿಂದ ಮೇಲಕ್ಕೂ ಕೆಳಕ್ಕೂ ನಯವಾದ ಬಳುಕು ಎಳೆಯಿರಿ.

ಆ ಕಾಲದ ಕಾರ್ಖಾನೆಗಳು ಇನ್ನೊಂದು ದಾರಿಯಲ್ಲಿ ಹೋದವು. ಎಡ್ವಿನ್ ಇಜೋಡ್ 1868ರಲ್ಲಿ ಕಂಡುಹಿಡಿದ ಪದ್ಧತಿಯಲ್ಲಿ ಗಂಜಿ ಹಾಕಿದ ಕಾರ್ಸೆಟ್ಟನ್ನು ಲೋಹದ ಮೈಯಚ್ಚಿಗೆ ತೊಡಿಸಿ, ಹಬೆಯ ಬಿಸಿಯಲ್ಲಿ ಆಕಾರ ಹಿಡಿಸುತ್ತಿದ್ದರು. ಮನೆಯಲ್ಲಿ ಹೊಲಿಯುವ ನಮಗೆ ಇರುವುದು ಈ ಬಳುಕುಗೆರೆ ಮಾತ್ರ. ಪೆನ್ಸಿಲ್ ಇಲ್ಲಿ ಎಷ್ಟು ನಿಧಾನವಾಗಿ ಓಡಿದರೆ ಅಷ್ಟು ಒಳ್ಳೆಯದು.

ಟ್ರಯಲ್ ಬಿಟ್ಟು ಮುಂದೆ ಹೋಗಬೇಡಿ

ಇಡೀ ಕೆಲಸದಲ್ಲಿ ಅತಿ ಮುಖ್ಯ ಹಂತ ಇದು. ದಪ್ಪ ಕೋರಾ ಬಟ್ಟೆಯಲ್ಲಿ ಎಲ್ಲ ಪೀಸು ಕತ್ತರಿಸಿ, ಉದ್ದ ಹೊಲಿಗೆ ಹಾಕಿ ಜೋಡಿಸಿ. ಮುಂದುಗಡೆ ಮಧ್ಯೆ ಹೊಲಿದುಬಿಡಿ. ಹಿಂದೆ ಎರಡೂ ಅಂಚಿಗೆ ಐಲೆಟ್ ಹೊಡೆದ ಒಂದೊಂದು ಗಟ್ಟಿ ಪಟ್ಟಿ ಸೇರಿಸಿ. ಈ ಪಟ್ಟಿಗಳನ್ನು ಬಿಚ್ಚಿ ಮುಂದಿನ ಟ್ರಯಲ್‌ಗೂ ಬಳಸಬಹುದು. ಹೊಲಿಗೆಗಳ ಮೇಲೆ ಕೇಬಲ್ ಟೈಗಳನ್ನು ಮಾಸ್ಕಿಂಗ್ ಟೇಪಿನಿಂದ ಅಂಟಿಸಿ. ಕಡ್ಡಿ ಇಲ್ಲದ ಟ್ರಯಲ್ ಸುಳ್ಳು ಹೇಳುತ್ತದೆ.

ತೊಟ್ಟು ಲಾಡಿ ಕಟ್ಟಿಸಿಕೊಂಡು, ಹಿಂದಿನ ಜಾಗದ ಫೋಟೋ ತೆಗೆಸಿ. ಅದನ್ನು ಓದುವುದು ಕಲಿತರೆ ಅರ್ಧ ಸಮಸ್ಯೆ ಬಗೆಹರಿದಂತೆ. ಜಾಗ ಮೇಲಿನಿಂದ ಕೆಳಗೆ ಒಂದೇ ಅಗಲ ಇದ್ದರೆ ಸರಿ. ಮೇಲೆ ಅಗಲವಾಗಿ ಕೆಳಗೆ ಕಿರಿದಾದರೆ ಎದೆಗೆ ಜಾಗ ಸಾಲದು. ಕೆಳಗೆ ಅಗಲವಾದರೆ ಹಿಪ್ಪಿಗೆ ಸಾಲದು. ಮಧ್ಯೆ ಮಾತ್ರ ಅಗಲವಾದರೆ ನಡುವನ್ನು ಅತಿಯಾಗಿ ಇಳಿಸಿದ್ದೀರಿ. ಮಧ್ಯೆ ಕಿರಿದಾಗಿ ಎರಡೂ ಕಡೆ ತೆರೆದುಕೊಂಡರೆ ಎದೆ, ಹಿಪ್ ಎರಡಕ್ಕೂ ಬಟ್ಟೆ ಕೊಡಿ.

ಆಮೇಲೆ ಸುಕ್ಕು ನೋಡಿ. ಉದ್ದುದ್ದ ಮಡಿಕೆ ಬಿದ್ದರೆ ಅಲ್ಲಿ ಬಟ್ಟೆ ಹೆಚ್ಚಾಗಿದೆ. ನಡುವಿನಲ್ಲಿ ಅಡ್ಡಡ್ಡ ಸುಕ್ಕು ಬಂದರೆ ನಡುಗೆರೆ ನಿಮ್ಮ ನಡುವಿನ ಮೇಲೆ ಕೂತಿಲ್ಲ, ಇಲ್ಲವೇ ಹಿಪ್ ಬಿಗಿಯಾಗಿ ಬಟ್ಟೆ ಮೇಲಕ್ಕೆ ಸರಿಯುತ್ತಿದೆ. ಕೂರಿ, ಏಳಿ, ಕೈ ಮೇಲೆತ್ತಿ, ಹೊಟ್ಟೆ ತುಂಬ ಉಸಿರು ಎಳೆಯಿರಿ, ಜೋರಾಗಿ ನಗಿ. ಅರ್ಧ ಗಂಟೆ ಅದರಲ್ಲೇ ಮನೆಯಲ್ಲಿ ಓಡಾಡಿ. ಎಲ್ಲಿ ಒತ್ತುತ್ತದೋ ಅಲ್ಲೇ ಪೆನ್ನಿನಿಂದ ಗುರುತು ಹಾಕಿ, ಪೇಪರ್ ಕಟಿಂಗ್ ತಿದ್ದಿ. ತಿದ್ದುಪಡಿ ದೊಡ್ಡದಾದರೆ ಎರಡನೇ ಟ್ರಯಲ್ ಮಾಡಿ. ಕೋರಾ ಬಟ್ಟೆ ಅಗ್ಗ, ಡ್ರಿಲ್ ಅಲ್ಲ.

ಕತ್ತರಿಸಿ ಜೋಡಿಸುವುದು

ಡ್ರಿಲ್ ಮೇಲೆ ಪೇಪರ್ ಇಡುವಾಗ ಪ್ರತಿ ಪೀಸಿನ ನಡುಗೆರೆ ಬಟ್ಟೆಯ ಉದ್ದನೆಯ ಅಂಚಿಗೆ ಸರಿಯಾಗಿ ಅಡ್ಡ ಬರಬೇಕು. ಒಂದು ಪೀಸು ಓರೆಯಾದರೂ ತೊಟ್ಟ ಮೇಲೆ ಆ ಬದಿ ತಿರುಚಿಕೊಳ್ಳುತ್ತದೆ. ಅರ್ಧ ಇಂಚು ಮಾರ್ಜಿನ್ ಬಿಡಿ. ಮುಂದಿನ ಪೀಸು ಮತ್ತು ಹಿಂದಿನ ಪೀಸನ್ನು ಎರಡೆರಡು ಪದರ ಕತ್ತರಿಸಿ, ಬಸ್ಕ್ ಮತ್ತು ಐಲೆಟ್ ಎರಡು ಪದರದ ಮಧ್ಯೆಯೇ ಇರಬೇಕು. ಎಲ್ಲ ಪೀಸಿಗೂ ನಂಬರ್ ಹಾಕಿ, ಮೇಲಿನ ತುದಿ ಯಾವುದು ಅಂತ ಬರೆದಿಡಿ. ಕತ್ತರಿಸಿಟ್ಟ ಮೇಲೆ ಮೂರನೆಯದೂ ನಾಲ್ಕನೆಯದೂ ಒಂದೇ ಥರ ಕಾಣುತ್ತವೆ.

ಬಸ್ಕ್ ಮೊದಲು. ಅದರ ಒಂದು ಪಟ್ಟಿಗೆ ಕೊಂಡಿಗಳಿವೆ, ಇನ್ನೊಂದಕ್ಕೆ ಗುಬ್ಬಿಗಳು. ಕೊಂಡಿ ತೊಡುವವರ ಬಲಕ್ಕೆ, ಗುಬ್ಬಿ ಎಡಕ್ಕೆ. ಹತ್ತಿರ ಹತ್ತಿರ ಇರುವ ಎರಡು ಕೊಂಡಿಗಳ ತುದಿ ಕೆಳಕ್ಕೆ. ಬಲದ ಎರಡು ಪದರವನ್ನು ಒಳಮುಖ ಮಾಡಿ ಇಟ್ಟು, ಬಸ್ಕನ್ನು ಮಧ್ಯಗೆರೆಯ ಪಕ್ಕ ಇಟ್ಟು, ಪ್ರತಿ ಕೊಂಡಿಯ ಎರಡೂ ಬದಿ ಗುರುತು ಹಾಕಿ. ಗುರುತುಗಳ ನಡುವೆ ಹೊಲಿಗೆ ಬಿಟ್ಟು ಉಳಿದದ್ದನ್ನು ಹೊಲಿಯಿರಿ. ಬಿಟ್ಟ ಕಡೆಯ ಎರಡೂ ತುದಿಯಲ್ಲಿ ಹಿಂದೆಮುಂದೆ ಹೊಲಿದು ಗಟ್ಟಿ ಮಾಡಿ. ಬಟ್ಟೆ ತಿರುಗಿಸಿ, ಕೊಂಡಿಗಳನ್ನು ಸಂದಿಗಳಿಂದ ಹೊರಗೆ ತಳ್ಳಿ, ಜಿಪ್ ಫೂಟ್ ಹಾಕಿ ಬಸ್ಕಿನ ಒತ್ತಿಗೇ ಇನ್ನೊಂದು ಹೊಲಿಗೆ ಹಾಕಿ. ಎಡಗಡೆ ಸಂದಿ ಬೇಡ. ಮಧ್ಯಗೆರೆ ಪೂರ್ತಿ ಹೊಲಿದು ತಿರುಗಿಸಿ, ಬಲಗಡೆಯ ಕೊಂಡಿಗಳನ್ನು ಅದರ ಮೇಲಿಟ್ಟು ಒಂದೊಂದರ ಸ್ಥಾನ ಗುರುತು ಮಾಡಿ. ಅಲ್ಲಿ ದಬ್ಬಳ ಚುಚ್ಚಿ ಎಳೆಗಳನ್ನು ಸರಿಸಿ, ಗುಬ್ಬಿಯನ್ನು ಒಳಗಿನಿಂದ ತೂರಿಸಿ. ಎಳೆ ಕತ್ತರಿಸಬೇಡಿ, ಸರಿಸಿದ ಎಳೆ ಗುಬ್ಬಿಯ ಕುತ್ತಿಗೆಯನ್ನು ಬಿಗಿಯಾಗಿ ಹಿಡಿಯುತ್ತದೆ.

ಉದ್ದ ಹೊಲಿಗೆಗಳನ್ನು 2 ಮಿಲಿಮೀಟರ್ ಟಾಕಿನಲ್ಲಿ, ಒಂದರ ಮೇಲೊಂದು ಎರಡು ಸಲ ಹಾಕಿ. ನಡುವಿನ ಬಳಿ ಮಾರ್ಜಿನ್‌ಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟು, ಹೊಲಿಗೆ ಬಿಡಿಸಿ ಇಸ್ತ್ರಿ ಮಾಡಿ. ಚಪ್ಪಟೆ ಮೇಜಿನ ಮೇಲೆ ಇಸ್ತ್ರಿ ಮಾಡಿದರೆ ಬಳುಕೆಲ್ಲ ಹೋಗುತ್ತದೆ. ಟವೆಲ್ ಸುತ್ತಿ ಉಂಡೆ ಮಾಡಿ, ಅದರ ಮೇಲಿಟ್ಟು ಮಾಡಿ. ಎಲ್ಲ ಪೀಸು ಸೇರಿದ ಮೇಲೆ ಒಳಗೆ ನಡುಗೆರೆಯ ಮೇಲೆ ಒಂದು ಹತ್ತಿ ಟೇಪನ್ನು ಬಸ್ಕಿನಿಂದ ಹಿಂದಿನ ಪೀಸಿನವರೆಗೆ ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿ. ವರ್ಷಗಟ್ಟಲೆ ಎಳೆದರೂ ನಡು ಹಿಗ್ಗದಂತೆ ತಡೆಯುವುದು ಇದೇ.

ಚಾನೆಲ್, ಐಲೆಟ್, ಕಡ್ಡಿ

ಪ್ರತಿ ಹೊಲಿಗೆಯ ಮೇಲೆ ಒಳಗಿನಿಂದ ಮುಕ್ಕಾಲು ಇಂಚಿನ ಟೇಪು ಇಡಿ, ನಡುಟೇಪು ಅದರ ಕೆಳಗೆ ಸಿಗಲಿ. ಮಾರ್ಜಿನ್ ಟೇಪಿನಿಂದ ಹೊರಗೆ ಇಣುಕದಷ್ಟು ಕತ್ತರಿಸಿ. ಟೇಪಿನ ಮಧ್ಯೆ ಸರಿಯಾಗಿ ಹೊಲಿಗೆಯ ಮೇಲೊಂದು, ಎರಡೂ ಅಂಚಿಗೆ ಒಂದೊಂದು, ಹೀಗೆ ಮೂರು ಸಾಲು ಹಾಕಿದರೆ ಅಕ್ಕಪಕ್ಕ ಕಡ್ಡಿ ತೂರಿಸುವ ಎರಡು ಚಾನೆಲ್ ಆಗುತ್ತದೆ. 7 ಮಿಲಿಮೀಟರ್ ಕಡ್ಡಿಗೆ ಇದು ಸರಿ. ನಿಮ್ಮ ಕಡ್ಡಿ ಅಗಲವಾಗಿದ್ದರೆ ಟೇಪನ್ನೂ ಅಗಲ ತನ್ನಿ. ಮೊದಲು ತುಂಡು ಬಟ್ಟೆಯಲ್ಲಿ ಒಂದು ಚಾನೆಲ್ ಹೊಲಿದು ಕಡ್ಡಿ ತೂರಿಸಿ ನೋಡಿ. ಒಳಗೆ ತಿರುಗುವಷ್ಟು ಸಡಿಲ ಬೇಡ, ಬಲ ಹಾಕಿ ತುರುಕುವಷ್ಟು ಬಿಗಿಯೂ ಬೇಡ.

ಕಡ್ಡಿಗಳು ಜಾಸ್ತಿ ಅನ್ನಿಸಿದರೆ ಕೆಲವು ಚಾನೆಲ್‌ಗೆ ದಪ್ಪ ಹತ್ತಿ ಹುರಿ ತುಂಬಿ. ಲೀಸ್ಟರ್‌ಶೈರ್‌ನ ಮಾರ್ಕೆಟ್ ಹಾರ್ಬರೋದಲ್ಲಿದ್ದ ಸಿಮಿಂಗ್ಟನ್ ಕಂಪನಿ 19ನೇ ಶತಮಾನದ ಕೊನೆಯಲ್ಲಿ ಮನೆಗೆಲಸದ ಹೆಂಗಸರಿಗೆಂದು ಅಗ್ಗದ ಕಾರ್ಸೆಟ್ ಮಾಡಿತು. ಅದರಲ್ಲಿ ಹುರಿ ತುಂಬಿದ ಸಾಲುಗಳೇ ಹೆಚ್ಚು. ದಿನವಿಡೀ ಬಗ್ಗಿ ಏಳುವವರಿಗೆ ಕಡ್ಡಿಗಿಂತ ಅದು ಹಿತ. ಆ ಕಂಪನಿಯ ಕಾರ್ಸೆಟ್‌ಗಳ ಸಂಗ್ರಹ ಈಗ ಅದೇ ಜಿಲ್ಲೆಯ ಮ್ಯೂಸಿಯಂ ಇಲಾಖೆಯಲ್ಲಿದೆ. ಚಿತ್ರಗಳನ್ನು ಹುಡುಕಿ ನೋಡಿ, ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಹಿಂದಿನ ಅಂಚಿನಲ್ಲಿ ಒಂದು ಕಡ್ಡಿ, ಐಲೆಟ್ ಸಾಲು, ಮತ್ತೊಂದು ಕಡ್ಡಿ, ಈ ಕ್ರಮ ಇರಬೇಕು. ಎರಡು ಕಡ್ಡಿಗಳ ಆಸರೆ ಇಲ್ಲದಿದ್ದರೆ ಲಾಡಿ ಎಳೆದಾಗ ಅಂಚು ಸುರುಟಿಕೊಳ್ಳುತ್ತದೆ. ಐಲೆಟ್‌ಗಳು ಒಂದೊಂದು ಇಂಚಿಗೆ ಒಂದು. ತೂತನ್ನು ಪಂಚ್‌ನಿಂದ ಕತ್ತರಿಸದೆ ಇಲ್ಲೂ ದಬ್ಬಳದಿಂದ ಅಗಲಿಸಿ. ವಾಷರ್ ಒಳಬದಿಗೆ ಬರಲಿ. ಹೊಡೆದ ಮೇಲೆ ಬೆರಳಾಡಿಸಿ, ಚೂಪು ಅಂಚಿದ್ದರೆ ಅದು ಲಾಡಿಯನ್ನು ತಿನ್ನುತ್ತದೆ. ಅಂಥದ್ದನ್ನು ತೆಗೆದು ಬೇರೆ ಹಾಕಿ.

ಈಗ ಕೆಳಗಿನ ಅಂಚಿಗೆ ಕ್ರಾಸ್ ಪಟ್ಟಿ ಕಟ್ಟಿ ಮುಚ್ಚಿ. ಮೇಲಿನಿಂದ ಕಡ್ಡಿ ತೂರಿಸಿ. ಪ್ರತಿ ಕಡ್ಡಿ ಚಾನೆಲ್‌ಗಿಂತ ಎರಡೂ ತುದಿಗೆ ಕಾಲು ಇಂಚು ಗಿಡ್ಡ ಇರಲಿ. ಆಮೇಲೆ ಮೇಲಿನ ಅಂಚು ಮುಚ್ಚಿ. ಪಟ್ಟಿಯ ಮುಂಬದಿ ಮಿಷನ್ನಿನಲ್ಲಿ, ಒಳಬದಿ ಕೈಯಲ್ಲಿ ಹೊಲಿದರೆ ಅಚ್ಚುಕಟ್ಟು.

ಫ್ಲಾಸಿಂಗ್ ಎಂಬ ಕಸೂತಿ

ಕಡ್ಡಿಯ ತುದಿ ಬಟ್ಟೆ ತೂತು ಮಾಡಿ ಹೊರಬರದಂತೆ ಹಾಕುವ ಕೈಹೊಲಿಗೆ ಇದು. ಗಟ್ಟಿ ರೇಷ್ಮೆ ದಾರ ತೆಗೆದುಕೊಳ್ಳಿ, ಕಪ್ಪು ಬಟ್ಟೆಗೆ ಹಳದಿ, ಬಿಳಿಗೆ ಕೆಂಪು, ಹೀಗೆ ಎದ್ದು ಕಾಣುವ ಬಣ್ಣ. ಕಡ್ಡಿಯ ತುದಿಯಿಂದ ಅರ್ಧ ಇಂಚು ಒಳಗೆ, ಕಡ್ಡಿಯ ಎಡ ಪಕ್ಕದಲ್ಲಿ ಸೂಜಿ ಮೇಲೆ ತನ್ನಿ. ಓರೆಯಾಗಿ ಕಡ್ಡಿಯ ಮೇಲೆ ಹಾಯಿಸಿ ತುದಿಯಾಚೆ ಬಲಕ್ಕೆ ಇಳಿಸಿ. ಮತ್ತೆ ಬಲ ಪಕ್ಕದಿಂದ ಎದ್ದು ಎಡಕ್ಕೆ ಇಳಿಸಿ. ಒಂದೊಂದು ಟಾಕನ್ನೂ ಎಳೆಯಷ್ಟು ಸರಿಸುತ್ತಾ ಹೋದರೆ ಬೀಸಣಿಗೆಯ ಆಕಾರ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಅವಸರ ಮಾಡಬೇಡಿ. ಇಡೀ ಕಾರ್ಸೆಟ್ಟಿನಲ್ಲಿ ನನಗೆ ಅತಿ ಇಷ್ಟದ ಭಾಗ ಇದೇ.

ತೊಡುವುದು, ಇಟ್ಟುಕೊಳ್ಳುವುದು

ಲಾಡಿಯನ್ನು ಅಡ್ಡಡ್ಡ ಹೆಣೆದು, ನಡುವಿನ ಐಲೆಟ್‌ಗಳಲ್ಲಿ ಎರಡೂ ಬದಿ ಒಂದೊಂದು ಕುಣಿಕೆ ಹೊರಗೆ ಬಿಡಿ, ಎಳೆಯುವುದು ಆ ಕುಣಿಕೆಗಳನ್ನೇ. ಕಾಲುಚೀಲ, ಶೂ ಮೊದಲೇ ಹಾಕಿಕೊಳ್ಳಿ, ಆಮೇಲೆ ಬಗ್ಗುವುದು ಕಷ್ಟ. ಲಾಡಿಯನ್ನು ಪೂರ್ತಿ ಸಡಿಲ ಮಾಡಿ, ಬಸ್ಕಿನ ಮಧ್ಯದ ಕೊಂಡಿಯಿಂದ ಶುರು ಮಾಡಿ ಹಾಕಿ. ಶೆಮೀಸಿನ ಸುಕ್ಕು ಕೆಳಕ್ಕೆ ಎಳೆದು ಸರಿಮಾಡಿ, ನಂತರ ನಿಧಾನ ಬಿಗಿಯಿರಿ. ಮೊದಲ ಕೆಲವು ಸಲ ಒಂದೆರಡು ಗಂಟೆ ಮಾತ್ರ, ಅದೂ ಸಡಿಲವಾಗಿ. ಕಡ್ಡಿ ಮತ್ತು ಬಟ್ಟೆ ನಿಮ್ಮ ಮೈಗೆ ಹೊಂದಿಕೊಳ್ಳಲು ಸಮಯ ಬೇಕು. ನೋವು, ಜೋಮು, ಉಸಿರಿಗೆ ತೊಂದರೆ ಯಾವುದಾದರೂ ಬಂದರೆ ತಕ್ಷಣ ಬಿಚ್ಚಿ. ಗರ್ಭಿಣಿಯರು ತೊಡುವುದು ಬೇಡ. ಹರ್ನಿಯಾ, ಆಸಿಡಿಟಿ, ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ತೊಡಿ.

ಬಿಚ್ಚುವಾಗ ಲಾಡಿ ಸಡಿಲ ಮಾಡಿದ ಮೇಲೆಯೇ ಬಸ್ಕ್ ತೆಗೆಯಿರಿ. ಬಿಗಿ ಇರುವಾಗ ಕೊಂಡಿ ಎಳೆದರೆ ಬಸ್ಕ್ ಬಾಗುತ್ತದೆ, ಬಾಗಿದ ಬಸ್ಕ್ ಮತ್ತೆ ನೇರ ಆಗುವುದಿಲ್ಲ. ತೆಗೆದ ಕಾರ್ಸೆಟ್ಟನ್ನು ಕುರ್ಚಿಯ ಬೆನ್ನಿಗೆ ಹಾಕಿ ನೆರಳಲ್ಲಿ ಗಾಳಿಗೆ ಒಣಗಿಸಿ, ಒಳಬದಿ ಹೊರಗೆ ಇರಲಿ. ಕಲೆಯಾದ ಕಡೆ ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ. ಉಕ್ಕಿನ ಕಡ್ಡಿ ಹಾಕಿದ್ದರೆ ನೀರಲ್ಲಿ ಮುಳುಗಿಸಲೇಬೇಡಿ, ಮಳೆಗಾಲದಲ್ಲಿ ಬೀರುವಿಗೆ ಇಡುವ ಮೊದಲು ಪೂರ್ತಿ ಒಣಗಿದೆಯೇ ಅಂತ ಬಸ್ಕಿನ ಸುತ್ತ ಮುಟ್ಟಿ ನೋಡಿ. ತೇವ ಉಳಿದರೆ ಮೊದಲು ತುಕ್ಕು ಹಿಡಿಯುವುದು ಅಲ್ಲೇ.